ಸಿ ಭಾಷೆ ಅನರ್ಹವಾದ ಭಾನುವಾರ

ನಾನು ರಾಯಬಾಗದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಸಿ ಭಾಷೆಗಿಂತ ಪೈಥಾನ್ ಎಷ್ಟು ನಿಧಾನ ಎಂದು ತರಗತಿಯಲ್ಲಿ ತೋರಿಸಲು ಎರಡರಲ್ಲೂ ಒಂದೇ ಸಣ್ಣ ಪ್ರೋಗ್ರಾಂ ಬರೆದಿದ್ದೆ. ಒಂದರಿಂದ ನೂರು ಕೋಟಿಯವರೆಗೆ ಒಂದೊಂದೇ ಸಂಖ್ಯೆ ಕೂಡಿಸುತ್ತ ಹೋಗುವುದು, ಅಷ್ಟೇ. ಮೊದಲು ಮನೆಯಲ್ಲೇ ಓಡಿಸಿ ನೋಡೋಣವೆಂದು ನಿಪ್ಪಾಣಿಯ ಸಹೋದ್ಯೋಗಿಯೊಬ್ಬರು ಭಾನುವಾರ ತಮ್ಮ ಲ್ಯಾಪ್‌ಟಾಪ್ ಹಿಡಿದು ಅಥಣಿಯ ನಮ್ಮ ಮನೆಗೆ ಬಂದರು. ಅವರು ಸಿ ಭಾಷೆಯ ಪರಮಭಕ್ತರು.

ಪಡಸಾಲೆಯಲ್ಲಿ ನಮ್ಮ ಮಾವನವರಿದ್ದರು. ದ್ರಾಕ್ಷಿ ಬೆಳೆಯುವವರು, ಎತ್ತಿನ ಬಂಡಿಯ ಶರ್ಯತ್ತುಗಳಲ್ಲಿ ಬಹಳ ವರ್ಷ ಪಂಚರಾಗಿ ತೀರ್ಪು ಕೊಟ್ಟವರು. ‘ಓಡಿಸು’ ಎಂಬ ಮಾತು ಕಿವಿಗೆ ಬಿದ್ದದ್ದೇ ಒಳಗಿನಿಂದ ಸ್ಟಾಪ್‌ವಾಚ್ ತಂದರು.

“ಎರಡು ಲ್ಯಾಪ್‌ಟಾಪ್ ಬ್ಯಾಡ. ಒಂದರಾಗ ಓಡಸ್ರಿ. ಇಬ್ಬರಿಗೂ ದಾರಿ ಒಂದ ಇರಬೇಕು,” ಎಂದರು. ಆಮೇಲೆ ಓಟ ಶುರುವೆಂದು ಟವೆಲ್ ಬೀಸಿದರು.

ನಾನು ಸಿ ಪ್ರೋಗ್ರಾಂ ಶುರುಮಾಡಿದೆ. “ಮುಗೀತ್ರಿ ಮಾವಾರ.”

“ಚಾಲೂ ಯಾವಾಗ ಆತವಾ?”

ಪೈಥಾನ್ ಒಂದೂವರೆ ನಿಮಿಷ ತೆಗೆದುಕೊಂಡಿತು. ಲ್ಯಾಪ್‌ಟಾಪಿನ ಫ್ಯಾನು ಭೋರೆಂದು ತಿರುಗಿತು. ಮಾವನವರು ಅದರ ಬೆನ್ನಿನ ಮೇಲೆ ಕೈಯಿಟ್ಟು ನೋಡಿದರು. “ಮೈ ಬಿಸಿ ಆಗೇತಿ. ಇದು ದುಡದೈತಿ. ಆ ಸಿ ಓಡಿದ್ದ ಕಾಣಲಿಲ್ಲ. ಅದು ಬಾದ್, ಶರ್ಯತ್ತಿನಿಂದ ಹೊರಗ.”

“ಕಾಕಾ, ಜೋರ್ ಓಡಿದ್ದಕ್ಕ ಯಾರರ ಬಾದ್ ಮಾಡ್ತಾರೇನ್ರಿ?” ಸಹೋದ್ಯೋಗಿಯ ಮುಖ ಕೆಂಪಾಗಿತ್ತು.

ನಾನು ಪ್ರೋಗ್ರಾಂನ ಒಳಹೊಕ್ಕು ನೋಡಿದೆ. ಮಾವನವರ ಮಾತು ನಿಜವಾಗಿತ್ತು. ಮೊತ್ತವನ್ನು ಪರದೆಯ ಮೇಲೆ ತೋರಿಸೆಂದು ನಾನು ಬರೆದಿರಲಿಲ್ಲ. ಯಾರೂ ಕೇಳದ ಲೆಕ್ಕ ಯಾಕೆಂದು, ಸಿ ಭಾಷೆಯನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಆ ಕೆಲಸವನ್ನೇ ಕಿತ್ತುಹಾಕಿತ್ತು. ಸಿ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಮೊತ್ತ ತೋರಿಸುವಂತೆ ತಿದ್ದಿ ಮತ್ತೆ ಓಡಿಸಿದೆವು. ಮತ್ತೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಈ ಸಲ ಕಂಪೈಲರ್ ಶಾಲೆಯ ಸೂತ್ರ ಹಚ್ಚಿತ್ತು: ಕೊನೆಯ ಸಂಖ್ಯೆಯನ್ನು ಅದರ ಮುಂದಿನದರಿಂದ ಗುಣಿಸಿ ಅರ್ಧ ಮಾಡುವುದು. ಅದನ್ನು ವಿವರಿಸಿದಾಗ ಮಾವನವರು ಬೇಸರದಿಂದ ತಲೆಯಾಡಿಸಿದರು.

“ಅಂದ್ರ ದಾರಿ ಬಿಟ್ಟು ಹೊಲದಾಗ ಹಾದು ಹೋತು. ಮತ್ತ ಬಾದ್.”

ಸಹೋದ್ಯೋಗಿ ನಮ್ಮೊಂದಿಗೇ ಊಟಕ್ಕೆ ಕುಳಿತರು. ಎರಡನೆಯ ರೊಟ್ಟಿ ಮುಗಿದ ಮೇಲೆ, “ಕಾಕಾ, ನಿಯಮ ಬರದು ಕೊಡ್ರಿ,” ಎಂದರು. ಮಾವನವರು ಹಳೆಯ ಲಗ್ನಪತ್ರಿಕೆಯೊಂದರ ಬೆನ್ನಿಗೆ ನಿಧಾನವಾಗಿ ಬರೆದುಕೊಟ್ಟರು.

ಅದೀಗ ನಮ್ಮ ಲ್ಯಾಬಿನ ಗೋಡೆಯ ಮೇಲಿದೆ. ನಾಲ್ಕನೆಯ ನಿಯಮ: ಉತ್ತರ ಮೊದಲೇ ಗೊತ್ತಿದ್ದವರು ಓಡುವಂತಿಲ್ಲ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದನ್ನು ಎರಡು ಸಲ ಓದಿ, ಇದು ಯಾವ ಪಠ್ಯಪುಸ್ತಕದ್ದೆಂದು ಕೇಳಿ ಬರೆದುಕೊಂಡರು.