ಹಿಮಸಾಗರದಲ್ಲಿ ಆನೇಕಲ್‌ನ ಬೋರ್‌ವೆಲ್‌ಗಳು

ಇವತ್ತು ಬೆಳಿಗ್ಗೆ ಮೆಟ್ರೋದಲ್ಲಿ ಹೋಗುತ್ತಿದ್ದೆ. ಪೀಣ್ಯದಲ್ಲಿ ಹತ್ತಿದ ಒಬ್ಬರು ಪಕ್ಕದಲ್ಲಿ ಬಂದು ಕೂತರು. ಪಾಳಿ ಮುಗಿಸಿ ಬಂದವರು, ಅಂಗಿಯಿಂದ ಯಂತ್ರಕ್ಕೆ ಸುರಿಯುವ ಕಟಿಂಗ್ ಆಯಿಲ್ ವಾಸನೆ. ಎದುರಿನ ಹುಡುಗಿ ಮೂಗಿಗೆ ದುಪಟ್ಟಾ ಹಿಡಿದಳು. ನಾನು ಮಾತ್ರ, ನಗಬೇಡಿ, ಮಲ್ಲಿಗೆ ಮುಡಿದವರ ಪಕ್ಕ ಕೂತ ಹಾಗೆ ಉದ್ದಕ್ಕೆ ಉಸಿರೆಳೆದುಕೊಂಡೆ.

ಇದೇ ವಾಸನೆಯನ್ನು ತೊಳೆದುಕೊಳ್ಳಲು ಒಂದು ಕಾಲದಲ್ಲಿ ನಾನು ಎಷ್ಟು ಸೋಪು ಸವೆಸಿದ್ದೇನೋ! ಆಗ ಲಗ್ಗೆರೆಯಲ್ಲಿ ಮನೆ, ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಕೆಲಸ. ಪೊಲೀಸ್ ಅಲ್ಲ ಮತ್ತೆ. ಉಕ್ಕು ಕಡೆಯುವ ಲೇತ್‌ನಿಂದ ಬಂದ ಶಾಫ್ಟ್ ಎತ್ತು, ವರ್ನಿಯರ್‌ನಿಂದ ದಪ್ಪ ಅಳೆ, ಸರಿಯಿದ್ದರೆ ನೀಲಿ ಟ್ರೇ, ಇಲ್ಲದಿದ್ದರೆ ಕೆಂಪು ಟ್ರೇ. ಮತ್ತೊಂದು ಎತ್ತು. ಹೀಗೇ ಹನ್ನೊಂದು ವರ್ಷ.

ಒಮ್ಮೆ ಕಾರ್ಖಾನೆಯ ಬೋರ್‌ವೆಲ್ ಬತ್ತಿತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ಹುಡುಕುವವರು ಬಂದು ಜಾಗ ತೋರಿಸಿದರು. ಕೊರೆದರೆ ಬರೀ ಧೂಳು. ಹಾಗಾದರೆ ನೀರು ಎಲ್ಲಿದೆ ಎಂಬ ಹುಳ ನನ್ನ ತಲೆಗೆ ಹೊಕ್ಕಿತು. ಮೂವತ್ತೆಂಟನೇ ವಯಸ್ಸಿನಲ್ಲಿ ಸಂಜೆ ಕಾಲೇಜಿನ ಬಿ.ಎ.ಗೆ ಸೇರಿ ಭೂಗೋಳ ತೆಗೆದುಕೊಂಡೆ. ನಮ್ಮ ಓನರ್ ಷರತ್ತು ಹಾಕಿದರು. "ಈ ವರ್ಷ ನಾಲ್ಕಕ್ಕೆ ಬಿಡ್ತೀನಿ ಕಣಮ್ಮ. ಫೇಲಾದ್ರೆ ಮಾತ್ರ ಮೊದಲಿನಂಗೆ ಆರು ಗಂಟೆವರೆಗೂ ಇಲ್ಲೇ."

ಭೂಗೋಳ ಅಂದರೆ ನದಿ, ಬೆಟ್ಟ, ರಾಜಧಾನಿಗಳ ಹೆಸರು ಎಂದುಕೊಂಡಿದ್ದೆ. ಮೊದಲ ವಾರವೇ ಸಂಖ್ಯಾಶಾಸ್ತ್ರ, ಅದರ ಹಿಂದೆಯೇ ಕೋಡಿಂಗ್. ಕೀಬೋರ್ಡಿನಲ್ಲಿ ಅಲ್ಪವಿರಾಮ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಕ್ಲಾಸು ಮುಗಿದಿರುತ್ತಿತ್ತು. ವಾಸನೆ ಯಾರಿಗೂ ತಿಳಿಯದಿರಲಿ ಎಂದು ಕೊನೇ ಬೆಂಚು ಹಿಡಿದಿದ್ದೆ. ಪಕ್ಕದಲ್ಲಿ ನಯನಾ ಎಂಬ ಹದಿನೆಂಟರ ಹುಡುಗಿ. "ಆಂಟಿ, ಅದು ಮೌಸು, ಜಿರಳೆ ಅಲ್ಲ, ಧೈರ್ಯವಾಗಿ ಹಿಡ್ಕೊಳಿ" ಎನ್ನುತ್ತಿದ್ದಳು.

ಒಂದು ಸಂಜೆ ಗಿರಿಜಾ ಮೇಡಂ ಬೋರ್ಡಿನ ತುಂಬ ಮಾನಕ ವಿಚಲನೆಯ ಸೂತ್ರ ಬರೆದರು. ದಾವಣಗೆರೆ ಕಡೆಯವರು, ಮಾತು ಖಡಕ್. "ಸರಾಸರಿಯಿಂದ ಒಂದೊಂದು ಲೆಕ್ಕ ಎಷ್ಟು ದೂರ ಚದುರೈತಿ ಅಂತ ನೋಡೋದು, ಅಷ್ಟೇ. ತಿಳೀತೇನು?" ನನ್ನ ಬಾಯಿ ಜಾರಿತು. "ನಮ್ಮ ನಾಲ್ಕನೇ ಲೇತ್ ಹಂಗೇ ಮೇಡಂ. ಒಂದು ಶಾಫ್ಟು ದಪ್ಪ, ಒಂದು ಸಣ್ಣ. ಸರಾಸರಿ ಮಾತ್ರ ಬಂಗಾರದಂಗೆ ಬರುತ್ತೆ." ಮೇಡಂ ಸೀಮೆಸುಣ್ಣ ಕೆಳಗಿಟ್ಟು ನನ್ನನ್ನೇ ನೋಡಿದರು. "ಇಷ್ಟು ದಿನ ಎಲ್ಲಿ ಅಡಗಿ ಕೂತಿದ್ರೀ?"

ಅಷ್ಟಕ್ಕೇ ಗೆದ್ದೆ ಎಂದುಕೊಳ್ಳಬೇಡಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಆನೇಕಲ್ ತಾಲ್ಲೂಕಿನ ಬೋರ್‌ವೆಲ್‌ಗಳ ಪಟ್ಟಿ ಕೊಟ್ಟು, ಕೋಡ್ ಬರೆದು ನಕ್ಷೆಯ ಮೇಲೆ ಗುರುತಿಸಿ ಎಂದರು. ಬರೆದೆ. ನಕ್ಷೆಯಲ್ಲಿ ಆನೇಕಲ್ ಖಾಲಿ. ನನ್ನ ಚುಕ್ಕಿಗಳೆಲ್ಲ ಯುರೋಪನ್ನೂ ದಾಟಿ, ಉತ್ತರ ಧ್ರುವದ ಹತ್ತಿರ ಸಮುದ್ರದಲ್ಲಿ ತೇಲುತ್ತಿದ್ದವು. "ಏನಮ್ಮಾ, ಹಿಮಸಾಗರದಲ್ಲಿ ಬೋರ್ ಕೊರ್ಸಿದೀರಾ?" ಎಂದರು ಹೊರಗಿನಿಂದ ಬಂದಿದ್ದ ಪರೀಕ್ಷಕರು. ನನ್ನ ತಲೆಗೆ ಇದೆಲ್ಲ ಹತ್ತುವುದಿಲ್ಲ ಎಂದುಕೊಂಡು, ಬರೆದದ್ದನ್ನೆಲ್ಲ ಅಳಿಸಿ ಎದ್ದು ಬಂದೆ. ಫೇಲು. ವರ್ಷ ಮುಗಿಯುವುದರೊಳಗೆ ಉಳಿದದ್ದು ಒಂದೇ ಅವಕಾಶ.

ಮಾರನೇ ದಿನ ಕಾರ್ಖಾನೆಯಲ್ಲಿ ಎಂದಿನಂತೆ ಮಾಸ್ಟರ್ ಪೀಸ್ ಎತ್ತಿಕೊಂಡೆ. ಅಳತೆ ಪಕ್ಕಾ ಗೊತ್ತಿರುವ ಒಂದು ತುಂಡು ಅದು. ದಿನದ ಕೆಲಸಕ್ಕೆ ಮುಂಚೆ ಅದನ್ನು ಅಳೆಯಬೇಕು. ಅದರ ಅಳತೆಯೇ ತಪ್ಪು ಬಂದರೆ ವರ್ನಿಯರ್ ಸರಿ ಮಾಡಿಕೊಳ್ಳಬೇಕು, ಶಾಫ್ಟುಗಳನ್ನು ಬೈಯಬಾರದು. ಆಗ ಹೊಳೆಯಿತು ನೋಡಿ. ಇಲ್ಲಿ ಅಳತೆ ತಪ್ಪಿದರೆ ನಾನೊಂದು ದಿನವೂ ನನ್ನನ್ನು ದಡ್ಡಿ ಎಂದುಕೊಂಡವಳಲ್ಲ. ಅಲ್ಲೇಕೆ ಎದ್ದು ಓಡಿಬಂದೆ? ಇನ್ನೊಂದೂ ಹೊಳೆಯಿತು. ಪಟ್ಟಿಯಿಂದ ಒಂದು ಎತ್ತು, ಪರೀಕ್ಷಿಸು, ಸರಿಯಿದ್ದರೆ ಇತ್ತ, ಇಲ್ಲದಿದ್ದರೆ ಅತ್ತ, ಮತ್ತೊಂದು ಎತ್ತು. ಮೇಡಂ ಹೇಳಿಕೊಡುತ್ತಿದ್ದ ಕೋಡು ಇದೇ ಅಲ್ಲವೇ! ಹನ್ನೊಂದು ವರ್ಷದಿಂದ ಕೈಯಲ್ಲೇ ಬರೆಯುತ್ತಿದ್ದೇನಲ್ಲ!

ಎರಡನೇ ಸಲ ಕೂತೆ. ಅದೇ ಪರೀಕ್ಷಕರು, ಅದೇ ಆನೇಕಲ್. ಆನೇಕಲ್ ಮತ್ತೆ ಖಾಲಿ! ಆದರೆ ಈ ಸಲ ಏಳಲಿಲ್ಲ. ಗೊತ್ತಿರುವ ಒಂದು ಜಾಗ ಬೇಕು, ಮಾಸ್ಟರ್ ಪೀಸ್ ಬೇಕು. ಲಗ್ಗೆರೆಯ ನಮ್ಮ ಮನೆಯ ಅಕ್ಷಾಂಶ, ರೇಖಾಂಶ ಬಾಯಿಪಾಠವಿತ್ತು, ಹಾಕಿದೆ. ಮನೆಯೂ ಸಮುದ್ರಕ್ಕೇ ಹೋಗಿ ಬಿತ್ತು! ಅಂದರೆ ಪಟ್ಟಿ ಸರಿಯಿದೆ, ವರ್ನಿಯರ್ ಕೆಟ್ಟಿದೆ. ನನ್ನ ಸಾಲುಗಳನ್ನೇ ಒಂದೊಂದಾಗಿ ನೋಡುತ್ತ ಬಂದೆ. ರೇಖಾಂಶ ಬರಬೇಕಾದ ಕಡೆ ಅಕ್ಷಾಂಶ ಕೊಟ್ಟಿದ್ದೆ, ಅಕ್ಷಾಂಶದ ಕಡೆ ರೇಖಾಂಶ. ಅದಲುಬದಲು ಮಾಡಿದೆ. ಬೋರ್‌ವೆಲ್‌ಗಳೆಲ್ಲ ಬಂದು ಆನೇಕಲ್‌ನಲ್ಲಿ ಕೂತವು. ನಮ್ಮ ಮನೆ ಲಗ್ಗೆರೆಗೆ ವಾಪಸ್ಸಾಯಿತು.

ಪರೀಕ್ಷಕರು ಬಗ್ಗಿ ನೋಡಿದರು. "ಈ ಸಲ ಹೆಂಗ್ ಕಂಡುಹಿಡಿದ್ರಿ?" ಪೀಣ್ಯದ ಕಥೆಯನ್ನೆಲ್ಲ ಹೇಳಿದೆ. "ಸರಿ, ಎರಡು ಪಟ್ಟಿ ಇವೆ ಅಂದ್ಕೊಳಿ, ಎರಡಕ್ಕೂ ಸರಾಸರಿ ಒಂದೇ. ಆಮೇಲೂ ಚದುರುವಿಕೆ ಯಾಕ್ರೀ ನೋಡ್ಬೇಕು?"

"ಗಿರಾಕಿ ಮಿಷಿನ್ನಿಗೆ ಸರಾಸರಿ ಕೂರಲ್ಲ ಸಾರ್, ಪೀಸ್ ಕೂರ್ಬೇಕು."

ಅವರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ಅಂಕದಲ್ಲಿ ಇಡೀ ತರಗತಿಗೆ ನಾನೇ ಮೊದಲು. "ನಮಗೂ ಸ್ವಲ್ಪ ಬಿಡ್ಬೇಕಿತ್ತು ಆಂಟಿ" ಎಂದು ನಯನಾ ಬೆನ್ನಿಗೆ ಗುದ್ದಿದಳು. ಓನರ್ ಅಂಕಪಟ್ಟಿಯನ್ನು ಎರಡು ಸಲ ನೋಡಿ, "ನಾಲ್ಕು ಯಾಕೆ, ಮೂರೂವರೆಗೇ ಹೊರಡಮ್ಮ" ಎಂದರು. ಬಿ.ಎ. ಮುಗಿಯಿತು, ಎಂ.ಎ.ಯೂ ಆಯಿತು.

ಎಲ್ಲಿಂದ ಎಲ್ಲಿಗೆ ಬಂದೆ ನೋಡಿ. ಮೆಟ್ರೋದಲ್ಲಿದ್ದೆ ಅಲ್ಲವೇ? ಪಕ್ಕದವರನ್ನು ಕೇಳಿದೆ, "ಅಣ್ಣ, ಯಾವ ಮಿಷಿನ್ನು?"

"ಲೇತು ಮೇಡಂ. ವಾಸ್ನೆ ಬರ್ತಿದ್ಯಾ? ಆ ಕಡೆ ನಿಂತ್ಕೊಳ್ಳಾ?"

"ಕೂತ್ಕೊಳಣ್ಣ. ರಿಜೆಕ್ಟ್ ಪೀಸ್ ಏನಾದ್ರೂ ಇದ್ಯಾ?"

ಅವರು ವಿಚಿತ್ರವಾಗಿ ನೋಡಿ, ಜೇಬಿನಿಂದ ಎಣ್ಣೆ ಜಿನುಗುವ ಮೂರು ತುಂಡು ತೆಗೆದರು. "ಒಂದೂ ಅಳತೆಗೆ ಬಂದಿಲ್ಲ ಮೇಡಂ. ಏನ್ ಮಾಡ್ತೀರಾ ಇವನ್ನ?"

"ಪಾಠ ಮಾಡ್ತೀನಿ."

ಇವತ್ತು ಮೊದಲ ವರ್ಷದವರಿಗೆ ಮಾನಕ ವಿಚಲನೆ. ಕಾಲೇಜು ತಲುಪುವಷ್ಟರಲ್ಲಿ ನನ್ನ ಎರಡು ಕೈಗೂ ಅದೇ ವಾಸನೆ. ತರಗತಿಯ ಬಾಗಿಲ ಪಕ್ಕದಲ್ಲೇ ನಲ್ಲಿಯಿದೆ, ಸೋಪೂ ಇದೆ. ನಾನು ಸೀದಾ ಒಳಗೆ ಹೋದೆ.