ರೀಟಕ್ಕನ ಅಣ್ಣನ ಏಳು ಗಂಟೆ

ಕಳೆದ ಭಾನುವಾರ ಬೆಳಿಗ್ಗೆ ನಾನು ನೈಟಿಯ ಮೇಲೆ ಅಳಿಯನ ರೈನ್‌ಕೋಟ್ ಏರಿಸಿ, ಕಾಲುಚೀಲದ ಮೇಲೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು, ಡಚ್ಚರ ದೇಶದ ಆಮರ್ಸ್‌ಫೋರ್ಟಿನ ಬೀದಿಯಲ್ಲಿ ಓಡಿದೆ. ಹೌದು, ಓಡಿದೆ! ವಯಸ್ಸು ಎಪ್ಪತ್ತನಾಲ್ಕು. ಎರಡು ಮಂಡಿಗಳಲ್ಲಿ ಒಂದು ಮಾತ್ರ ನನ್ನ ಮಾತು ಕೇಳುತ್ತದೆ. ನಾಯಿಯನ್ನು ವಾಕಿಂಗ್ ಕರೆದುಕೊಂಡು ಬಂದಿದ್ದ ಗಂಭೀರ ಮುಖದ ಡಚ್ ಮನುಷ್ಯನೊಬ್ಬ ನನ್ನನ್ನು ನೋಡಿದ್ದೇ, ಕೊರೊನಾದ ಒಂದೂವರೆ ಮೀಟರಿನ ಅಂತರವನ್ನು ತಾನಾಗಿಯೇ ಮೂರು ಮೀಟರಿಗೆ ಏರಿಸಿಕೊಂಡ.

ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಏನನ್ನುತ್ತಿದ್ದರು? ಕಾರಿಡಾರಿನಲ್ಲಿ ಓಡಿದವರನ್ನು ಅವರು ಬೆಲ್ ಹೊಡೆಯುವವರೆಗೆ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಈ ಸಲ ಮಾತ್ರ ಬಿಟ್ಟುಬಿಡುತ್ತಿದ್ದರು ಎಂದು ನನಗೆ ಗ್ಯಾರಂಟಿ. ಏಕೆಂದರೆ ನಾನು ಓಡಿದ್ದು ಒಂದು ಚರ್ಚ್ ಸರ್ವಿಸ್‌ಗಾಗಿ. ಆ ಚರ್ಚ್ ಇದ್ದದ್ದು ಆಸ್ಟ್ರೇಲಿಯಾದಲ್ಲಿ!

ಮೊದಲಿಂದ ಹೇಳುತ್ತೇನೆ.

ನಿಮಗೆ ಗೊತ್ತೇ ಇದೆ, ಮಗಳು ಶುಭಾಳ ಮನೆಗೆ ಮೂರು ತಿಂಗಳಿಗೆಂದು ಬಂದ ನಾನು ಈ ಕೊರೊನಾದಿಂದಾಗಿ ಇಲ್ಲೇ ಸಿಕ್ಕಿಕೊಂಡಿದ್ದೇನೆ. ಮೈಸೂರಿನ ರಿಟರ್ನ್ ಟಿಕೆಟ್ ಮೂರು ಸಲ ಮುಂದಕ್ಕೆ ಹೋಗಿದೆ. ನನ್ನ ಮುಷ್ಕರ ಒಂದೇ: ಕೈಗಡಿಯಾರವನ್ನು ಇಲ್ಲಿನ ಟೈಮಿಗೆ ತಿರುಗಿಸಿಲ್ಲ. ನಮ್ಮ ಯಜಮಾನರು ಕೊಡಿಸಿದ ವಾಚ್. ದಿನಾ ಬೆಳಿಗ್ಗೆ ದೀಪ ಹಚ್ಚಿ, ಆಮೇಲೆ ಅದಕ್ಕೆ ಕೀ ಕೊಡುತ್ತೇನೆ. ಅವರು ಹೋದ ಮೇಲೂ ಅದೇ ಕ್ರಮ. ನಮ್ಮೂರಿನಲ್ಲಿ ಈಗ ಎಷ್ಟು ಗಂಟೆ ಎಂದು ತಿಳಿಯದಿದ್ದರೆ ನನಗೆ ತಿಂಡಿ ಇಳಿಯುವುದಿಲ್ಲ.

"ಅಮ್ಮಾ, ಅದು ವಾಚಲ್ಲ, ಬಳೆ," ಎನ್ನುತ್ತಾಳೆ ಶುಭಾ. "ಟೈಮ್ ನೋಡೋಕಾಗದ ವಾಚ್ ಯಾಕೆ ಕಟ್ಕೋತೀಯ?"

ನಮ್ಮ ಸಾಲಿನಲ್ಲೇ ಆರು ಮನೆ ಆಚೆ ರೀಟ್ ಎಂಬಾಕೆ ಇದ್ದಾರೆ. ನಾನು ಕರೆಯುವುದು ರೀಟಕ್ಕ. ಎಂಬತ್ತೊಂದು ವರ್ಷ, ಒಂಟಿ ಜೀವ. ಐವತ್ತು ವರ್ಷ ಗಂಡನ ಜೊತೆ ಹಸು ಕಟ್ಟಿ ಹಾಲು ಮಾರಿದವರು. ಕೈ ನೋಡಿದರೆ ಗೊತ್ತಾಗುತ್ತದೆ, ನನ್ನ ಎರಡು ಕೈ ಸೇರಿದರೆ ಅವರ ಒಂದು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನನಗೆ ಡಚ್ ಅದಕ್ಕಿಂತ ಕಡಿಮೆ. ಆದರೂ ಬೇಸಿಗೆಯಿಡೀ ಅವರ ಹಿತ್ತಲಿನಲ್ಲಿ ಎರಡು ಕುರ್ಚಿ ದೂರ ದೂರ ಹಾಕಿಕೊಂಡು ಹರಟಿದ್ದೇವೆ. (ಹೇಗೆ ಎಂದು ಕೇಳಬೇಡಿ. ಇಬ್ಬರು ಮುದುಕಿಯರಿಗೆ ಭಾಷೆ ಒಂದು ಎಕ್ಸ್‌ಟ್ರಾ.)

ಒಂದು ದಿನ ರೀಟಕ್ಕ ಒಂದು ಕಟ್ಟು ಕಾಗದ ತಂದು ನನ್ನ ಮಡಿಲಿಗಿಟ್ಟರು. ಎಲ್ಲವೂ ಇಂಗ್ಲಿಷಿನ ಇಮೇಲ್‌ಗಳು, ಅವರ ಮಗ ಪ್ರಿಂಟ್ ಹಾಕಿ ಅಂಚೆಯಲ್ಲಿ ಕಳಿಸಿದ್ದು. ಬರೆದವಳು ಆಸ್ಟ್ರೇಲಿಯಾದಲ್ಲಿರುವ ಅವರ ಅಣ್ಣನ ಮಗಳು ಹೆಲೆನ್. ನಾನು ಓದುವುದು, ಶುಭಾ ಡಚ್ಚಿನಲ್ಲಿ ಹೇಳುವುದು. ಶುಭಾ ಇಲ್ಲಿನ ಭಾಷಾ ಪರೀಕ್ಷೆ ಪಾಸಾದವಳು. ಹೀಗೆ ನಮ್ಮ ಶನಿವಾರದ ಕಾರ್ಯಕ್ರಮ ಶುರುವಾಯಿತು. ಕಾಫಿ ಜೊತೆಗೆ ಒಬ್ಬೊಬ್ಬರಿಗೆ ಒಂದು ಬಿಸ್ಕತ್ತು. ಒಂದೇ! ಆಮೇಲೆ ಡಬ್ಬಿಯ ಮುಚ್ಚಳ ಟಪ್ಪೆಂದು ಬಿಗಿ. ಇದು ಜಿಪುಣತನವಲ್ಲ, ಇಲ್ಲಿನ ಸಂಪ್ರದಾಯ ಎಂದು ನನಗೆ ಅರ್ಥವಾಗಲು ಎರಡು ತಿಂಗಳು ಹಿಡಿಯಿತು.

ಆ ಇಮೇಲ್‌ಗಳಲ್ಲಿ ನಾನು ಒಬ್ಬ ಮನುಷ್ಯನನ್ನು ಕಂಡೆ. ಕೋಸ್. ರೀಟಕ್ಕನ ಅಣ್ಣ. ಇಪ್ಪತ್ತನೆಯ ವಯಸ್ಸಿಗೆ ಒಂದು ಮರದ ಪೆಟ್ಟಿಗೆ ಹಿಡಿದು ಹಡಗು ಹತ್ತಿದವರು. ಆಗ ರೀಟಕ್ಕನಿಗೆ ಹದಿನೈದು. ಅಲ್ಲಿ ಯಾರದೋ ಹಸುಗಳ ಹಾಲು ಕರೆದು, ಬೇಲಿ ಕಟ್ಟಿ, ಕೊನೆಗೆ ಸ್ವಂತ ಹೊಲ ಮಾಡಿದರು. ಗೋಧಿ, ಕುರಿ, ನಾಲ್ಕು ಮಕ್ಕಳು. ಊರಿಗೆಲ್ಲ ಜ್ಯಾಕ್, ತಂಗಿಗೆ ಮಾತ್ರ ಕೋಸ್. ಊಟ ಮುಗಿದ ಮೇಲೆ ಬೈಬಲಿನ ಒಂದು ಭಾಗ ಓದದೆ ಯಾರೂ ಮೇಜಿನಿಂದ ಏಳುವ ಹಾಗಿಲ್ಲ. ಇದು ಇಲ್ಲಿನ ರೈತರ ಮನೆಯ ರೂಢಿಯಂತೆ, ಪೆಟ್ಟಿಗೆಯ ಜೊತೆ ಅದೂ ಹಡಗು ಹತ್ತಿತ್ತು. ಕೊಯ್ಲಿನ ಕಾಲದಲ್ಲಿ ಮಷಿನ್ ನಿಲ್ಲಿಸಿ ಹೊಲದಲ್ಲೇ ಓದುತ್ತಿದ್ದರಂತೆ.

ನನಗೆ ರೋಮಾಂಚನವಾದದ್ದು ಇನ್ನೊಂದು ವಿಷಯಕ್ಕೆ. ಕೋಸ್ ಊರಿನ ಅಗ್ನಿಶಾಮಕ ಪಡೆಯ ವಾಲಂಟಿಯರ್. ಸೈರನ್ ಕೂಗಿದರೆ ಓದುತ್ತಿದ್ದ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಓಟ! ಹೆಂಡತಿ ಆ ಸಾಲಿನ ಪಕ್ಕ ಒಂದು ಗೋಧಿ ಕಡ್ಡಿ ಇಟ್ಟು ಪುಸ್ತಕ ಮುಚ್ಚುವಳು. ಬೆಂಕಿ ಆರಿಸಿ ಬಂದು, ಮಸಿ ತೊಳೆದು, ಕೋಸ್ ಅದೇ ಕಡ್ಡಿಯಿಂದ ಮುಂದೆ ಓದುವರು. ಒಮ್ಮೆ ಎರಡು ದಿನವಾದ ಮೇಲೆ ಬಂದರಂತೆ. ಅದೇ ವಾಕ್ಯದ ಉಳಿದರ್ಧ ಓದಿದರಂತೆ!

ಹೇಳಿ, ಭಕ್ತಿ ಎಂದರೆ ಮತ್ತೇನು? ನಾನು ಪೂಜೆಯ ಮಧ್ಯೆ ಫೋನ್ ಬಂದರೆ ಎದ್ದು ಹೋಗುತ್ತೇನೆ, ನಿಜ. ಆದರೆ ಎಲ್ಲಿ ನಿಲ್ಲಿಸಿದ್ದೆ ಎಂಬುದು ನೆನಪಿದ್ದರೆ ತಾನೇ?

ರೀಟಕ್ಕ ಒಮ್ಮೆಯೂ ಆಸ್ಟ್ರೇಲಿಯಾಕ್ಕೆ ಹೋಗಿರಲಿಲ್ಲ. "ಹಸುಗಳನ್ನ ಯಾರ ಕೈಗೆ ಕೊಟ್ಟು ಹೋಗೋದು?" ಎಂದರು. ಕೋಸ್ ಎರಡು ಸಲ ಬಂದಿದ್ದರು, ಕೊನೆಯ ಸಲ ಹನ್ನೊಂದು ವರ್ಷದ ಹಿಂದೆ. ಹಸುಗಳೂ ಹೋಗಿ, ಗಂಡನೂ ಹೋದ ಮೇಲೆ ರೀಟಕ್ಕ ಧೈರ್ಯ ಮಾಡಿ ಈ ಏಪ್ರಿಲ್‌ಗೆ ಟಿಕೆಟ್ ಕೊಂಡಿದ್ದರು. ಏಪ್ರಿಲ್‌ನಲ್ಲಿ ವಿಮಾನಗಳ ಗತಿ ಏನಾಯಿತು ಎಂದು ನಿಮಗೆ ನಾನು ಹೇಳಬೇಕೆ? ಕೋಸ್‌ಗೆ ಎಂಬತ್ತಾರು, ಹೃದಯ ಸೋತಿದೆ, ಪ್ರಯಾಣ ಕೂಡದು ಎಂದಿದ್ದಾರೆ ಡಾಕ್ಟರು.

ಹೀಗಿರುವಾಗ ಹೆಲೆನ್‌ಳ ಹೊಸ ಇಮೇಲ್ ಬಂತು. ಅಪ್ಪ ಹೊಲವನ್ನು ಮಗನಿಗೆ ಬಿಟ್ಟು ಆಸ್ಪತ್ರೆಯ ಹತ್ತಿರದ ಊರಿಗೆ ಹೋಗುತ್ತಿದ್ದಾರೆ. ಅವರನ್ನು ಬೀಳ್ಕೊಡಲು ಭಾನುವಾರ ಸಂಜೆ ಏಳಕ್ಕೆ ಚರ್ಚಿನಲ್ಲಿ ಒಂದು ಸರ್ವಿಸ್ ಇದೆ. ಅಪ್ಪ ಕೇಳಿದ್ದು ಒಂದೇ: ಅಜ್ಜಿ ಹಾಲು ಕರೆಯುವಾಗ ಹಾಡುತ್ತಿದ್ದ ಡಚ್ ಸ್ತುತಿಗೀತೆ. ಆದರೆ ಕೊರೊನಾದಿಂದಾಗಿ ಇಲ್ಲಿ ಚರ್ಚಿನೊಳಗೆ ಜನ ಹಾಡುವಂತಿಲ್ಲ. ಆಂಟ್ ರೀಟ್, ನೀವು ಅಲ್ಲಿಂದ ವಿಡಿಯೋ ಕಾಲ್‌ನಲ್ಲಿ ಹಾಡುತ್ತೀರಾ?

ರೀಟಕ್ಕ ಎದ್ದುಹೋಗಿ ಸಿಂಕಿನ ನಲ್ಲಿ ತಿರುಗಿಸಿ, ತೊಳೆದಿಟ್ಟಿದ್ದ ಕಪ್ಪುಗಳನ್ನೇ ಮತ್ತೆ ತೊಳೆದರು. ಆಮೇಲೆ ಡಬ್ಬಿ ತೆರೆದು ನಮಗೆ ಎರಡನೆಯ ಬಿಸ್ಕತ್ತು ಕೊಟ್ಟರು. ಆಗಲೇ ನನಗೆ ಗೊತ್ತಾಯಿತು, ಇದು ಸಣ್ಣ ವಿಷಯವಲ್ಲ.

ಶುಭಾ ಫೋನ್ ನೋಡಿ ಲೆಕ್ಕ ಹಾಕಿದಳು. ಆಸ್ಟ್ರೇಲಿಯಾ ಒಂಬತ್ತು ಗಂಟೆ ಮುಂದೆ. ಅಲ್ಲಿ ಏಳು ಎಂದರೆ ಇಲ್ಲಿ ಬೆಳಿಗ್ಗೆ ಹತ್ತು. ರೀಟಕ್ಕ ಚೀಟಿಯಲ್ಲಿ "ಹತ್ತು" ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದರು. ನಾನು ನನ್ನ ಡೈರಿಯಲ್ಲಿ ಬರೆದುಕೊಂಡದ್ದು "ನಮ್ಮ ಒಂದೂವರೆ."

ಭಾನುವಾರ ಬಂತು. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಾ ವಾಚ್ ನೋಡಿದೆ. ಒಂದು ಹತ್ತು!

"ಶುಭಾ, ಏಳೇ! ಇನ್ನು ಇಪ್ಪತ್ತೇ ನಿಮಿಷ!"

"ಅಮ್ಮಾ, ಈಗಿನ್ನೂ ಎಂಟು ನಲವತ್ತು. ಹತ್ತಕ್ಕಲ್ವಾ? ಮಲಗೋಕೆ ಬಿಡು."

"ನನ್ನ ವಾಚಲ್ಲಿ ಒಂದು ಹತ್ತಾಗಿದೆ."

"ನಿನ್ನ ವಾಚ್ ಮೈಸೂರಲ್ಲಿದೆ! ನೆನ್ನೆ ರಾತ್ರಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕಿದಾರೆ, ಗೊತ್ತಾ? ಅಕ್ಟೋಬರ್ ಕೊನೇ ಭಾನುವಾರ. ಚಳಿಗಾಲದ ಟೈಮು."

"ಇಲ್ಲಿ ಹಿಂದಕ್ಕೆ ಹಾಕಿದ್ರೆ ಆಸ್ಟ್ರೇಲಿಯಾದೋರೂ ಹಾಕಿದ್ರೇನೇ? ಮೈಸೂರಲ್ಲಂತೂ ಯಾರೂ ಹಾಕಲ್ಲ."

ಹೊದಿಕೆಯೊಳಗೆ ಫೋನ್ ತಡಕಾಡಿದ ಸದ್ದು. ಆಮೇಲೆ ಮಂಚದಿಂದ ಒಂದು ಕಿರುಚಾಟ. ಫೋನಿನಲ್ಲಿ ಅಲ್ಲಿನ ಟೈಮ್ ಆರು ನಲವತ್ತು! ಒಂಬತ್ತು ಗಂಟೆಯ ಅಂತರ ರಾತ್ರೋರಾತ್ರಿ ಹತ್ತಾಗಿತ್ತು. ಇಷ್ಟು ವರ್ಷ ಇಲ್ಲಿದ್ದೂ ನನ್ನ ಮಗಳಿಗೆ ಆ ಲೆಕ್ಕ ಹೊಳೆದಿರಲಿಲ್ಲ. ನಾವು ಹುಟ್ಟಿ ಬೆಳೆದ ಕಡೆ ಟೈಮ್ ಎಂದರೆ ಟೈಮ್. ಅದನ್ನು ಹಿಡಿದು ಹಿಂದೆ ಮುಂದೆ ಎಳೆಯಬಹುದು ಎಂಬುದು ನಮ್ಮ ರಕ್ತದಲ್ಲೇ ಇಲ್ಲ.

ರೀಟಕ್ಕನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಅಷ್ಟರಲ್ಲಿ ರವೆ ಸೀದಿತ್ತು, ಗ್ಯಾಸ್ ಆರಿಸಿದೆ. ಆಮೇಲಿನದ್ದೇ ಮೊದಲು ಹೇಳಿದ ಓಟ, ಶುಭಾ ಮುಂದೆ, ನಾನು ಹಿಂದೆ.

ಬಾಗಿಲು ತೆರೆದ ರೀಟಕ್ಕನ ತಲೆಯ ತುಂಬ ಗುಲಾಬಿ ಬಣ್ಣದ ರೋಲರುಗಳು. ಹತ್ತಕ್ಕೆ ಕೂದಲು ಸುರುಳಿಯಾಗಿ ಸಿದ್ಧವಾಗಬೇಕೆಂದು ಹೇರ್‌ಡ್ರೈಯರ್ ಹಾಕಿಕೊಂಡು ಕುಳಿತಿದ್ದವರಿಗೆ ಫೋನ್ ಎಲ್ಲಿ ಕೇಳಬೇಕು? ಶುಭಾ ಏದುಸಿರಿನಲ್ಲೇ ವಿಷಯ ಹೇಳಿದಳು. ರೀಟಕ್ಕ ಗೋಡೆಯ ಗಡಿಯಾರ ತೋರಿಸಿ ಏನೋ ಜೋರು ಮಾಡಿದರು.

"ಏನಂತೆ?" ಎಂದೆ.

"ಮಲಗೋ ಮುಂಚೆ ತಾನೇ ಸ್ಟೂಲ್ ಹತ್ತಿ ತಿರುಗಿಸಿದೀನಿ, ಗಡಿಯಾರ ಸರಿಯಾಗೇ ಇದೆ ಅಂತಿದಾರೆ."

"ಇವರ ಗಡಿಯಾರ ಸರಿ ಇದೆ, ಚೀಟಿ ತಪ್ಪು ಅಂತ ಹೇಳೇ!"

ವಿಡಿಯೋ ಕಾಲ್‌ಗೆಂದು ಮಗ ಕೊಡಿಸಿದ್ದ ಟ್ಯಾಬ್ ಎಲ್ಲಿ? ಡ್ರಾಯರಿನಲ್ಲಿ, ಟವೆಲ್ಲಿನಲ್ಲಿ ಸುತ್ತಿ, ಮಗುವಿನ ಹಾಗೆ ಮಲಗಿಸಿದ್ದರು. ಚಾರ್ಜ್ ಇಲ್ಲ. ವೈರ್ ಹುಡುಕಿದೆವು. ಪಾಸ್‌ವರ್ಡ್? ರೀಟಕ್ಕನಿಗೆ ಮರೆತುಹೋಗಿದೆ. ಅಲ್ಲಿ ಆರು ಐವತ್ತೆಂಟು! ಇದ್ದಕ್ಕಿದ್ದಂತೆ ಅವರು ಗೋಡೆಯ ಮೇಲಿನ ಹಸುವಿನ ಫೋಟೋ ತೋರಿಸಿ "ಬರ್ತಾ!" ಎಂದು ಕೂಗಿದರು. ಹೆಸರು ಹಾಕಿದರೆ ಆಗಲಿಲ್ಲ. ಹಸುವಿನ ನಂಬರ್ ಕೂಡ ಬೇಕಿತ್ತು. ಬರ್ತಾ ಮೂವತ್ತೆಂಟು. ತೆರೆಯಿತು!

ತೆರೆಯ ಮೇಲೆ ತಗಡಿನ ಮಾಡಿನ ಸಣ್ಣ ಚರ್ಚು. ಬೆಂಚು ಬಿಟ್ಟು ಬೆಂಚಿಗೆ ಜನ. ಹಿಂದೆ ಹಳದಿ ಯೂನಿಫಾರ್ಮಿನ ಅಗ್ನಿಶಾಮಕದವರು. ಮುಂದಿನ ಬೆಂಚಿನಲ್ಲಿ ಸೂಟು ತೊಟ್ಟ ಉದ್ದನೆಯ ಮುದುಕ, ರೀಟಕ್ಕನಂಥದೇ ಅಗಲವಾದ ಕೈ. ಪಾದ್ರಿ, "ಇಲ್ಲಿ ನಾವು ಹಾಡುವ ಹಾಗಿಲ್ಲ. ಜ್ಯಾಕ್‌ನ ತಂಗಿ ನಮ್ಮೆಲ್ಲರ ಪರವಾಗಿ ಹಾಡುತ್ತಾರೆ," ಎಂದರು. ಎಲ್ಲರ ಮುಖ ಕ್ಯಾಮೆರಾದತ್ತ, ಎಂದರೆ ನಮ್ಮತ್ತ, ತಿರುಗಿತು.

ರೀಟಕ್ಕ ಬಾಯಿ ತೆರೆದರು. ಮೊದಲ ಸಾಲು ಬಂತು. ಎರಡನೆಯದು ಅರ್ಧಕ್ಕೇ ತುಂಡಾಯಿತು. ಅಣ್ಣನನ್ನು ನೋಡುತ್ತಾ ಹಾಗೇ ನಿಂತುಬಿಟ್ಟರು. ನಾನು ಅವರ ಬೆನ್ನ ಮೇಲೆ ಕೈ ಇಟ್ಟೆ. (ಒಂದೂವರೆ ಮೀಟರ್? ಕ್ಷಮಿಸಿ, ಆ ಹೊತ್ತಿಗೆ ನೆನಪಾಗಲಿಲ್ಲ.)

ಆಗ ಆ ಕಡೆಯಿಂದ ಒಂದು ಸದ್ದು. ಕೋಸ್ ಅಂಗೈಯಿಂದ ಬೆಂಚನ್ನು ತಟ್ಟುತ್ತಿದ್ದರು. ಟಪ್, ಟಪ್. ಟಪ್, ಟಪ್. ಅವರಮ್ಮ ಹಾಲು ಕರೆಯುವಾಗ ಬಕೆಟ್ಟಿಗೆ ಬೀಳುತ್ತಿದ್ದ ಹಾಲಿನ ಲಯ ಅದು ಎಂದು ಆಮೇಲೆ ತಿಳಿಯಿತು. ಹಾಡಬಾರದು ಎಂದಿತ್ತು, ತಟ್ಟಬಾರದು ಎಂದಿರಲಿಲ್ಲ! ಹಿಂದಿನ ಬೆಂಚುಗಳಲ್ಲಿ ಹಳದಿ ಯೂನಿಫಾರ್ಮಿನವರೂ ತಟ್ಟತೊಡಗಿದರು. ರೀಟಕ್ಕ ನಿಲ್ಲಿಸಿದ್ದ ಅದೇ ಸಾಲಿನಿಂದ ಎತ್ತಿಕೊಂಡು ಕೊನೆಯವರೆಗೂ ಹಾಡಿದರು. ಆರಾಮವಾಗಿ, ಹಸು ಬೆದರದ ಹಾಗೆ.

ಹಾಡು ಮುಗಿಯಿತು. ಕೋಸ್ ತೆರೆಯ ಹತ್ತಿರ ಬಂದು, ಕನ್ನಡಕ ಒರೆಸಿಕೊಂಡು, ತಂಗಿಗೆ ಡಚ್ಚಿನಲ್ಲಿ ಏನೋ ಹೇಳಿದರು. ರೀಟಕ್ಕ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಚೀರಿದರು. ಶುಭಾ ನಕ್ಕು ನಕ್ಕು ಅಳುತ್ತಿದ್ದಳು.

"ಏನಂದ್ರೇ? ಹೇಳೇ!"

"'ರೀಟ್, ನೀನಿನ್ನೂ ಚರ್ಚಿಗೆ ಲೇಟೇ. ತಲೇಲಿ ರೋಲರ್ ಹಾಗೇ ಇದೆ' ಅಂದ್ರಮ್ಮಾ!"

ನಾವು ಮನೆಗೆ ಬಂದಾಗ ಉಪ್ಪಿಟ್ಟಿನ ರವೆ ಬಾಣಲೆಯಲ್ಲಿ ಕಪ್ಪಗೆ ಕೂತಿತ್ತು. ಯಾರಿಗೂ ಬೇಸರವಿಲ್ಲ. ಸಂಜೆ ರೀಟಕ್ಕ ಬಿಸ್ಕತ್ತಿನ ಇಡೀ ಡಬ್ಬಿಯನ್ನೇ ಮೆಟ್ಟಿಲ ಮೇಲಿಟ್ಟು ಹೋದರು. ಮುಚ್ಚಳ ತೆರೆದೇ ಇತ್ತು! ಅವರ ಅಡುಗೆಮನೆಯಲ್ಲಿ ಈಗ ಎರಡನೆಯ ಗಡಿಯಾರ ತೂಗುತ್ತಿದೆ, ಕೋಸ್‌ನ ಟೈಮಿಗೆ. ಆಸ್ಟ್ರೇಲಿಯಾದವರೂ ಏಪ್ರಿಲ್‌ನಲ್ಲಿ ಮುಳ್ಳು ತಿರುಗಿಸುತ್ತಾರಂತೆ. ಆಗ ರೀಟಕ್ಕ ಮೊದಲು ನನ್ನನ್ನು ಕೇಳುತ್ತಾರಂತೆ.

ಇನ್ನು ನೀವೇ ಹೇಳಿ, ನನ್ನ ಕೈಯಲ್ಲಿರುವುದು ವಾಚೋ, ಬಳೆಯೋ?