ಲಿನಕ್ಸಿನ ಮೇಲೆ ಬಂದ ಅಪವಾದ

ಬಂಡಳ್ಳಿಯ ಕೆಂಪನಂಜಪ್ಪ ಮೇಷ್ಟ್ರು ನಿವೃತ್ತರಾದ ಮೇಲೆ ಸುಮ್ಮನೆ ಕೂರಲಿಲ್ಲ. ಕೂತಿದ್ದರೆ ಮನೆಯವರಿಗಾದರೂ ನೆಮ್ಮದಿ ಇರುತ್ತಿತ್ತು. ಯಳಂದೂರಿಗೆ ಮದುವೆಯಾಗಿ ಹೋದ ಮಗಳು ಶಿವರಂಜನಿ ಬಿಟ್ಟುಹೋಗಿದ್ದ ಹಳೇ ಲ್ಯಾಪ್‌ಟಾಪಿಗೆ, ವಿಡಿಯೊ ನೋಡಿಕೊಂಡು ಹಳೇ ಆಪರೇಟಿಂಗ್ ಸಿಸ್ಟಮ್ ಕಿತ್ತು, ಪುಕ್ಕಟೆ ಸಿಗುವ ಲಿನಕ್ಸನ್ನು ತಾವೇ ಹಾಕಿದರು. ಊರಿನವರ ಲಗ್ನಪತ್ರಿಕೆಗಳನ್ನು ಅದರಲ್ಲೇ ಟೈಪ್ ಮಾಡಿಕೊಡುತ್ತಾ, "ವೈರಸ್ಸಿಲ್ಲ, ತಕರಾರಿಲ್ಲ, ನೀವೂ ಇದನ್ನೇ ಹಾಕ್ಕಳಿ" ಎಂದು ಕಂಡಕಂಡವರ ತಲೆ ತಿಂದರು.

ಆಯುಧಪೂಜೆಯ ಮಾರನೇ ದಿನ ಅವರ ಹಳೇ ಶಿಷ್ಯ ಮುತ್ತಯ್ಯನ ಮಗಳ ಪತ್ರಿಕೆ ಕೊಳ್ಳೇಗಾಲದ ಪ್ರೆಸ್ಸಿಗೆ ಹೋಗಬೇಕಿತ್ತು. ನೆಟ್ಟು ಕೈಕೊಟ್ಟಿತ್ತು, ಫೋನಿನಲ್ಲಿ ಮಾತಷ್ಟೇ ಆಗುತ್ತಿತ್ತು. ಪೆನ್‌ಡ್ರೈವ್ ಚುಚ್ಚಿದರೆ ಲ್ಯಾಪ್‌ಟಾಪು ತುಟಿಪಿಟಕ್ಕೆನ್ನಲಿಲ್ಲ. ಇನ್ನೊಂದು ಕಿಂಡಿಗೆ ಚುಚ್ಚಿದರು. ಅದೂ ಅಷ್ಟೆ.

"ಮೂರ್ ಗಂಟೆ ಬಸ್ಸು ತಪ್ಪೋಯ್ತದೆ ಸಾ. ಆ ಲಿನಕ್ಸ್ ಕಿತ್ತಾಕಿ, ಅಳೇದ್ನೇ ಆಕಿ" ಎಂದ ಜಗಲಿಯಲ್ಲಿ ಕಾಯುತ್ತಿದ್ದ ಮುತ್ತಯ್ಯ.

ಲಿನಕ್ಸನ್ನು ಬೈದದ್ದು ಮೇಷ್ಟ್ರಿಗೆ ತಡೆಯಲಾಗಲಿಲ್ಲ. ತಮ್ಮನ್ನು ಬೈದಿದ್ದರೂ ಸಹಿಸುತ್ತಿದ್ದರು. ಮಗಳಿಗೆ ಫೋನ್ ಮಾಡಿದರು.

"ಎಲ್‌ಎಸ್‌ಯುಎಸ್‌ಬಿ ಅಂತ ಟೈಪ್ ಮಾಡಿ ಅಪ್ಪಾಜಿ. ಏನೇನ್ ಚುಚ್ಚಿದೆ ಅಂತ ಪಟ್ಟಿ ಬರುತ್ತೆ. ಅದ್ರಲ್ಲಿ ಪೆನ್‌ಡ್ರೈವ್ ಬಂತಾ?"

"ಇಲ್ಲ ಕಣವ್ವ."

"ಕರೆಂಟ್ ಉಳ್ಸೋಕೆ ಪೋರ್ಟು, ಅದೇ ಆ ಕಿಂಡಿ, ನಿದ್ದೆ ಮಾಡ್ತಿರ್ಬೋದು. ಆಫ್ ಮಾಡಿ ಆನ್ ಮಾಡಿ."

ಮೂವತ್ತು ವರ್ಷ ಕಾಲ ಕೊನೇ ಬೆಂಚಿನ ಹುಡುಗರನ್ನು ನಿದ್ದೆಯಿಂದ ಎಬ್ಬಿಸಿದವರಿಗೆ ಇದ್ಯಾವ ಲೆಕ್ಕ? ಆಫ್ ಮಾಡಿದರು, ಆನ್ ಮಾಡಿದರು, ಬೆರಳಿನಿಂದ ತಟ್ಟಿ "ಏಳ್ಲಾ" ಎಂದೂ ಗದರಿದರು. ಪೋರ್ಟು ಏಳಲಿಲ್ಲ.

"ಕಿಂಡಿಗೆ ಟಾರ್ಚ್ ಬಿಟ್ಟು ನೋಡಿ" ಎಂದಳು ಮಗಳು.

ಹೆಂಡತಿ ಚನ್ನಾಜಮ್ಮ ಮೊಬೈಲಿನ ಟಾರ್ಚು ಬಿಟ್ಟರು. ಒಳಗೆ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಹಿಂದಿನ ದಿನ ಮೇಷ್ಟ್ರು ಬೈಕು, ಕುಡುಗೋಲು, ಮಿಕ್ಸಿಗಳ ಜೊತೆ ಲ್ಯಾಪ್‌ಟಾಪಿಗೂ ವಿಭೂತಿ ಹಚ್ಚಿದ್ದರು. ನೀರಲ್ಲಿ ನೆನೆಸಿದ ವಿಭೂತಿ, ಮೂರು ಬೆರಳಲ್ಲಿ, ಧಾರಾಳವಾಗಿ. ಮುಚ್ಚಳಕ್ಕೆ ಮಾತ್ರ ಹಚ್ಚಿದರೆ ಉಳಿದದ್ದಕ್ಕೆ ಅನ್ಯಾಯವಾದೀತೆಂದು ಎರಡೂ ಪಕ್ಕಕ್ಕೆ ಎಳೆದಿದ್ದರು.

ಲ್ಯಾಪ್‌ಟಾಪು ಆಫ್ ಮಾಡಿಸಿ ಚನ್ನಾಜಮ್ಮ ಒಣಕಡ್ಡಿಯಿಂದ ಮೆಲ್ಲಗೆ ಕೆರೆದು, ಊದಿ, ಎಲ್ಲವನ್ನೂ ತೆಗೆದರು. ಮತ್ತೆ ಆನ್ ಮಾಡಿ ಚುಚ್ಚಿದಾಗ ಪೆನ್‌ಡ್ರೈವಿನ ದೀಪ ಮಿಣುಕಿತು. ಪತ್ರಿಕೆ ಕಾಪಿಯಾಯಿತು.

"ಲಿನಕ್ಸಿಂದೇ ಕಿತಾಪತಿ ಅಲ್ವಾ ಸಾ?" ಜಗಲಿಯಿಂದ ಮುತ್ತಯ್ಯ ಕೇಳಿದ.

ಹೂಂ ಎಂದಿದ್ದರೆ ಮೇಷ್ಟ್ರ ಮರ್ಯಾದೆ ಉಳಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಪಾಪದ ಲಿನಕ್ಸು, ಬಾಯಿಲ್ಲದ್ದು. ನಾಳೆಯಿಂದ ಊರಲ್ಲಿ ಯಾರೂ ಅದನ್ನು ಮೂಸಿಯೂ ನೋಡುವುದಿಲ್ಲ.

"ಅದ್ರುದ್ದೇನಿಲ್ಲ ಕಣ್ಲಾ" ಎಂದರು ಮೇಷ್ಟ್ರು. "ತಪ್ಪು ನಂದೇ."

ಮುತ್ತಯ್ಯ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ಸಿಗೆ ಓಡಿದ. ಚನ್ನಾಜಮ್ಮ ಮಾತ್ರ ಮೊಬೈಲು ಕೈಗೆತ್ತಿಕೊಂಡರು. ಮದುವೆಯಾಗಿ ಮೂವತ್ತೈದು ವರ್ಷಕ್ಕೆ ‘ತಪ್ಪು ನಂದೇ’ ಎಂಬ ಮಾತು ಗಂಡನ ಬಾಯಿಂದ ಬಂದದ್ದು ಇದೇ ಮೊದಲು. ಅವರು ಶಾಗ್ಯದಲ್ಲಿರುವ ತಂಗಿಗೆ ಫೋನ್ ಮಾಡಿ, ಸ್ಪೀಕರ್ ಒತ್ತಿ, ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದರು.

"ಈಗ ಇನ್ನೊಂದ್ ಸಲ ಯೋಳಿ."